ರಕ್ತದಾನ ಶಿಬಿರದಲ್ಲಿ ಸಲಕರಣೆ ಕೈಕೊಟ್ಟಾಗ: ಹಾಸನ, ಚಿಕ್ಕಮಗಳೂರು ಕಡೆಯ ತಂಡಗಳಿಗೊಂದು ದೋಷ ನಿವಾರಣೆ ಕೈಪಿಡಿ

ರಕ್ತನಿಧಿಯ ಕೊಠಡಿಯಲ್ಲಿ ನಿನ್ನೆ ಸಂಜೆಯವರೆಗೆ ಸರಿಯಾಗಿ ನಡೆದ ಯಂತ್ರ ಇಂದು ಬೆಳಿಗ್ಗೆ ಮೂಡಿಗೆರೆಯ ಸಭಾಭವನದಲ್ಲಿ ಮೊಂಡಾಟ ಹೂಡಿದರೆ, ಕೂಡಲೇ ಯಂತ್ರ ಕೆಟ್ಟಿತು ಎಂದು ತೀರ್ಮಾನಿಸಬೇಡಿ. ರಾತ್ರಿ ಬೆಳಗಾಗುವುದರೊಳಗೆ ಬದಲಾಗಿರುವುದು ಜಾಗ. ಚಳಿ, ತೇವ, ಕರೆಂಟು, ನೆಲದ ಮಟ್ಟ, ಹೊತ್ತು, ಎಲ್ಲವೂ ಬೇರೆ. ಆದ್ದರಿಂದ ಸ್ಕ್ರೂಡ್ರೈವರ್ ಎತ್ತಿಕೊಳ್ಳುವ ಮೊದಲು ಅಲ್ಲಿಗೂ ಇಲ್ಲಿಗೂ ಏನು ವ್ಯತ್ಯಾಸ ಎಂದು ಕೇಳಿಕೊಳ್ಳಿ. ಆಮೇಲೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿ. ಎರಡನ್ನು ಒಟ್ಟಿಗೆ ಬದಲಿಸಿದರೆ ದೋಷ ಹೋದರೂ ಎಲ್ಲಿತ್ತೆಂದು ತಿಳಿಯುವುದಿಲ್ಲ, ಮುಂದಿನ ಶಿಬಿರದಲ್ಲಿ ಮತ್ತೆ ಅದೇ ಕಥೆ.

ಶ್ರೀಮಂತ ದೇಶಗಳಲ್ಲಿ ಹಾಸಿಗೆ, ಹವಾನಿಯಂತ್ರಣ, ಜನರೇಟರ್ ಎಲ್ಲವನ್ನೂ ಒಳಗಿಟ್ಟುಕೊಂಡ ಬಸ್ಸೇ ದಾನಿಯ ಬಳಿಗೆ ಹೋಗುತ್ತದೆ. ನಮ್ಮಂಥ ಕಡೆ ಬಹುಪಾಲು ಶಿಬಿರಗಳಿಗೆ ಒಂದು ವಾಹನ, ಮಡಚುವ ಮಂಚಗಳು, ಊರವರು ಬಿಟ್ಟುಕೊಟ್ಟ ಒಂದು ಹಾಲ್, ಇಷ್ಟೇ ಆಸ್ತಿ. ಔಷಧ ಮತ್ತು ಸೌಂದರ್ಯವರ್ಧಕ ನಿಯಮಗಳ ಎಫ್ ಅನುಸೂಚಿಯಲ್ಲಿ ಶಿಬಿರಕ್ಕೆ ಬೇಕಾದ ಸಲಕರಣೆಗಳ ಪಟ್ಟಿಯೇ ಇದೆ. ಯಂತ್ರಗಳಿಗೆ ನಿರಂತರ ವಿದ್ಯುತ್ ಇರಬೇಕೆಂಬ ಷರತ್ತೂ ಅದರಲ್ಲಿದೆ. ಆಷಾಢದ ಮಳೆಗೆ ಮರ ಉರುಳಿ ತಂತಿ ಹರಿದ ದಿನ ಕೊಟ್ಟಿಗೆಹಾರದಲ್ಲಿ ಕುಳಿತು ಆ ಸಾಲನ್ನು ಓದಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಹಿಮೋಗ್ಲೋಬಿನ್ ಪರೀಕ್ಷೆಯಲ್ಲಿ ಸಾಲು ಸಾಲಾಗಿ ಜನ ವಾಪಸಾಗುತ್ತಿದ್ದಾರೆ

ಶಿಬಿರದಲ್ಲಿ ಅತಿ ಹೆಚ್ಚು ತಪ್ಪು ತೀರ್ಮಾನಗಳಾಗುವುದು ಈ ಮೇಜಿನ ಮೇಲೆ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನಿಸೋಣ.

ದಾನಿಗೆ ಹಿಮೋಗ್ಲೋಬಿನ್ ಡೆಸಿಲೀಟರಿಗೆ 12.5 ಗ್ರಾಂ ಇರಬೇಕು. ಗಂಡಸರಿಗೂ ಹೆಂಗಸರಿಗೂ ಒಂದೇ ಗಡಿ. ಮೊದಲು ನೋಡಬೇಕಾದದ್ದು ವಾಪಸಾಗುತ್ತಿರುವವರು ಯಾರು ಎಂಬುದನ್ನು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡ 57 ಮಂದಿಗೆ ರಕ್ತಹೀನತೆ ಇದೆ. ಗಂಡಸರಲ್ಲಿ ಶೇಕಡ 25. ಅಂದರೆ ಹೆಂಗಸರ ಸಾಲಿನಲ್ಲಿ ಅರ್ಧದಷ್ಟು ಮಂದಿ ವಾಪಸಾದರೆ ಅದು ದುಃಖದ ಸಂಗತಿ, ಆದರೆ ಸಲಕರಣೆಯ ದೋಷವೇ ಆಗಬೇಕಿಲ್ಲ. ಗಟ್ಟಿಮುಟ್ಟಾದ ಹುಡುಗರ ಸಾಲಿನಲ್ಲೂ ಅರ್ಧ ಮಂದಿ ಬೀಳುತ್ತಿದ್ದರೆ ಮಾತ್ರ ಮೇಜಿನ ಮೇಲೇನೋ ಎಡವಟ್ಟಾಗಿದೆ.

ಮೈಲುತುತ್ತದ ದ್ರಾವಣ ಬಳಸುತ್ತಿದ್ದರೆ ಅಲ್ಲಿಂದಲೇ ಆರಂಭಿಸಿ. ಮಲೆನಾಡಿನವರಿಗೆ ಮೈಲುತುತ್ತ ಹೊಸದಲ್ಲ, ಅಡಿಕೆಯ ಕೊಳೆರೋಗಕ್ಕೆ ಸುಣ್ಣದೊಡನೆ ಬೆರೆಸಿ ಹೊಡೆಯುವುದು ಅದನ್ನೇ. ತೋಟದ ಗೋದಾಮಿನ ಚೀಲದಿಂದ ಒಂದು ಹಿಡಿ ತೆಗೆದು ದ್ರಾವಣ ಮಾಡಿದರಾಯಿತು ಎಂದುಕೊಳ್ಳುವವರೂ ಇದ್ದಾರೆ. ಖಂಡಿತ ಬೇಡ. ಇಲ್ಲಿ ಬೇಕಾದದ್ದು ಶುದ್ಧ ಹರಳಿನಿಂದ ಮಾಡಿ, ಸಾಪೇಕ್ಷ ಸಾಂದ್ರತೆ (ನೀರಿಗೆ ಹೋಲಿಸಿದ ದಟ್ಟತೆ) 1.053 ಎಂದು ಅಳೆದು ನೋಡಿದ ದ್ರಾವಣ. ದಾನಿಯ ಬೆರಳಿನ ರಕ್ತದ ಹನಿಯನ್ನು ಸುಮಾರು ಒಂದು ಸೆಂಟಿಮೀಟರ್ ಎತ್ತರದಿಂದ ಅದರೊಳಗೆ ಬಿಡಬೇಕು. ಅದು ನೀಲಿಯೊಳಗೆ ಇಳಿದು, ಮೈಸುತ್ತ ತೆಳು ಕಂದು ಪೊರೆ ಕಟ್ಟಿಕೊಂಡು, ಯೋಚಿಸುವವನಂತೆ ಒಂದು ಗಳಿಗೆ ತಡೆದು, ಆಮೇಲೆ ತಳಕ್ಕೆ ಹೊರಡುತ್ತದೆ ಅಥವಾ ಮೇಲಕ್ಕೇಳುತ್ತದೆ. 15 ಸೆಕೆಂಡಿನೊಳಗೆ ಮುಳುಗಿದರೆ ದಾನಿ ಅರ್ಹ.

ಹಿಮೋಗ್ಲೋಬಿನ್ ಹೆಚ್ಚಿದ್ದಷ್ಟೂ ರಕ್ತ ದಟ್ಟ, 12.5 ಗ್ರಾಂ ಇರುವ ರಕ್ತದ ಸಾಂದ್ರತೆ ಸುಮಾರು 1.053. ಈ ಇಡೀ ಪರೀಕ್ಷೆ ನಿಂತಿರುವುದು ಆ ಅಂಕಿಯ ಮೇಲೆ. ಅದು ಸುಮಾರು 25 ಡಿಗ್ರಿ ಶಾಖದಲ್ಲಿ ಮಾತ್ರ ನಿಜ. ರಾತ್ರಿಯೆಲ್ಲ ವಾಹನದಲ್ಲೇ ಉಳಿದ ಬಾಟಲಿ ಜನವರಿಯ ಬೆಳಿಗ್ಗೆ 15 ಡಿಗ್ರಿಗೆ ಇಳಿದಿರುತ್ತದೆ. ತಣ್ಣಗಾದ ದ್ರಾವಣ ದಟ್ಟವಾಗುತ್ತದೆ, 1.053 ಇದ್ದದ್ದು 1.055ರ ಹತ್ತಿರ ಬರುತ್ತದೆ. 1.055 ಎಂಬುದು 13.5 ಗ್ರಾಂ ಹಿಮೋಗ್ಲೋಬಿನ್ನಿನ ಗಡಿ. ಹೀಗೆ 13 ಗ್ರಾಂ ಇರುವ ಆರೋಗ್ಯವಂತ ಮನುಷ್ಯನ ಹನಿಯೂ ತೇಲುತ್ತದೆ, ಅವನು ತನಗೆ ರಕ್ತಹೀನತೆ ಎಂದು ಮನೆಗೆ ಹೋಗುತ್ತಾನೆ. ಪರಿಹಾರ ಸರಳ: ದ್ರಾವಣದ ಬಾಟಲಿಯನ್ನು ಚಾಲಕನ ಪಕ್ಕದಲ್ಲಿಟ್ಟುಕೊಂಡು ಬನ್ನಿ, ಹಾಲ್‌ನಲ್ಲಿ ಮೊದಲು ಹೊರತೆಗೆಯುವ ವಸ್ತು ಅದೇ ಆಗಲಿ, ತಾಪಮಾಪಕ ಅದ್ದಿ ನೋಡಿದ ಮೇಲೆ ಮೊದಲ ಹನಿ ಬಿಡಿ.

ಮುಚ್ಚಳ ತೆರೆದಿಟ್ಟ ಬಾಟಲಿಯಲ್ಲೂ ಇದೇ ಬಗೆಯ ತಪ್ಪಾಗುತ್ತದೆ. ನೀರು ಆವಿಯಾಗಿ ದ್ರಾವಣ ಗಟ್ಟಿಯಾಗುತ್ತದೆ. 30 ಮಿಲಿಲೀಟರ್ ದ್ರಾವಣದಲ್ಲಿ ಸುಮಾರು 25 ಪರೀಕ್ಷೆಗಳಾದ ಮೇಲೆ ಅದನ್ನು ಚೆಲ್ಲಿ ಹೊಸದು ಹಾಕಬೇಕು. ಎಣಿಕೆ ನೆನಪಿನಲ್ಲಿ ಉಳಿಯುವುದಿಲ್ಲ, ಬಾಟಲಿಯ ಪಕ್ಕದ ಕಾಗದದಲ್ಲಿ ಗೆರೆ ಎಳೆಯುತ್ತಾ ಹೋಗಿ.

ಇದರ ತಿರುಗುಮುರುಗು ದೋಷವೂ ಇದೆ, ನನ್ನ ಲೆಕ್ಕದಲ್ಲಿ ಅದೇ ಹೆಚ್ಚು ಅಪಾಯಕಾರಿ. ಏಪ್ರಿಲ್‌ನಲ್ಲಿ ಕಡೂರಿನಲ್ಲೋ ಅರಸೀಕೆರೆಯಲ್ಲೋ ಶಾಮಿಯಾನದ ಕೆಳಗೆ ದ್ರಾವಣ 35 ಡಿಗ್ರಿ ಮುಟ್ಟಿದರೆ ಸಾಂದ್ರತೆ 1.050ಕ್ಕೆ ಕುಸಿಯುತ್ತದೆ. ಆಗ 11 ಗ್ರಾಂ ಆಸುಪಾಸಿನವರ ಹನಿಯೂ ಮುಳುಗಿ ಅವರೂ ಮಂಚ ಏರುತ್ತಾರೆ. ವಾಪಸು ಕಳಿಸಿದರೆ ಜನ ಜಗಳಕ್ಕೆ ಬರುತ್ತಾರೆ, ತಪ್ಪಾಗಿ ಒಳಗೆ ಬಿಟ್ಟರೆ ಯಾರೂ ದೂರುವುದಿಲ್ಲ. ಆದ್ದರಿಂದ ಬಿಸಿಲುನಾಡಿನ ಶಿಬಿರದಲ್ಲಿ ಎಲ್ಲರೂ ಸಲೀಸಾಗಿ ದಾಟುತ್ತಿದ್ದರೆ ಖುಷಿಪಡದೆ ಬಾಟಲಿಗೆ ತಾಪಮಾಪಕ ಅದ್ದಿ.

ಹಿಮೋಗ್ಲೋಬಿನ್ ಅಳೆಯುವ ಮೀಟರ್ ಇರುವ ತಂಡಗಳು ತಮಗೆ ಈ ಗೋಳಿಲ್ಲವೆಂದು ಬೀಗುವುದುಂಟು. ಅವರಿಗೆ ಬೇರೆ ಗೋಳಿದೆ. ಮೀಟರಿಗೆ ರಕ್ತದ ಹನಿಯನ್ನು ಒಯ್ಯುವ, ಒಣ ರಾಸಾಯನಿಕ ತುಂಬಿದ ಪುಟ್ಟ ಕ್ಯುವೆಟ್‌ಗಳು ತೇವವನ್ನು ಹೀರುತ್ತವೆ. ಜುಲೈಯಲ್ಲಿ ಶೃಂಗೇರಿಯ ಗಾಳಿಗೆ ಡಬ್ಬಿ ಬಾಯ್ದೆರೆದು ಕುಳಿತರೆ ಅಂಕಿ ಕೆಳಗೆ ಜಾರುತ್ತದೆ. ಇಂಥ ಕ್ಯುವೆಟ್ ಡಬ್ಬಿಗಳಿಗೆ ತೆರೆದ ಮೇಲೆ ಸಾಮಾನ್ಯವಾಗಿ ಮೂರು ತಿಂಗಳ ಆಯಸ್ಸು. ತೆರೆದ ದಿನಾಂಕ ಬರೆಯದ ಡಬ್ಬಿಯನ್ನು ನಂಬಬೇಡಿ. ಕೆಲವು ಮೀಟರ್‌ಗಳು 18ರಿಂದ 30 ಡಿಗ್ರಿಯೊಳಗೆ ಮಾತ್ರ ಸರಿಯಾಗಿ ಓದುತ್ತವೆ. ಮಾಗಿಯ ಬೆಳಿಗ್ಗೆ ಹಾಲ್ ಅದಕ್ಕಿಂತ ತಣ್ಣಗಿರುತ್ತದೆ.

ದ್ರಾವಣವೂ ಮೀಟರೂ ಸರಿಯಿದ್ದರೆ ಉಳಿದದ್ದು ಬೆರಳು. ಕಾಫಿ ಹಣ್ಣು ಬಿಡಿಸುವವರ ಬೆರಳ ತುದಿಯ ಚರ್ಮ ದಪ್ಪ, ಮೇಲಿಂದ ಚಳಿ. ಚುಚ್ಚುವ ಮೊನೆ (ಲ್ಯಾನ್ಸೆಟ್) ಮೇಲುಮೇಲೆ ತಾಗಿ ರಕ್ತ ಬಾರದೆ, ಸಹಾಯಕರು ಬೆರಳನ್ನು ಹಿಂಡತೊಡಗುತ್ತಾರೆ. ಹಿಂಡಿದರೆ ರಕ್ತದ ಜೊತೆ ಅಂಗಾಂಶದ ನೀರೂ ಬರುತ್ತದೆ, ಹನಿ ತೆಳುವಾಗುತ್ತದೆ. ಸ್ಪಿರಿಟ್ ಆರುವ ಮೊದಲೇ ಚುಚ್ಚಿದರೂ ಇದೇ ಫಲ. ದಾನಿಯ ಕೈಗೆ ಬಿಸಿ ಕಾಫಿಯ ಲೋಟ ಕೊಟ್ಟು ಐದು ನಿಮಿಷ ಹಿಡಿದುಕೊಳ್ಳಲು ಹೇಳಿ, ಉಂಗುರ ಬೆರಳಿನ ತುದಿಯ ಪಕ್ಕಕ್ಕೆ ಒಂದೇ ಸಲ ದೃಢವಾಗಿ ಚುಚ್ಚಿ, ಮೊದಲ ಹನಿಯನ್ನು ಒರೆಸಿ ಹಾಕಿ. ಹನಿಯನ್ನು ಎತ್ತಿಕೊಳ್ಳುವ ನಳಿಕೆಯೊಳಗೆ ಗಾಳಿಗುಳ್ಳೆ ಸೇರಿದ್ದರೂ ಹನಿ ತೇಲುತ್ತದೆ ಎಂಬುದು ನೆನಪಿರಲಿ.

ಇಷ್ಟರ ಮೇಲೂ ಅನುಮಾನ ಉಳಿದರೆ, ಪ್ರಯೋಗಾಲಯದ ಯಂತ್ರದಲ್ಲಿ ಹಿಂದಿನ ದಿನ ರಕ್ತ ಪರೀಕ್ಷಿಸಿಕೊಂಡ ತಂಡದವರೊಬ್ಬರ ಬೆರಳನ್ನೇ ಚುಚ್ಚಿ ನೋಡಿ. ಗೊತ್ತಿರುವ ಅಂಕಿಯೊಂದು ಕೈಯಲ್ಲಿದ್ದರೆ ವಾದ ಮುಗಿಯುತ್ತದೆ.

ಮಾನಿಟರ್ ಚೀರುತ್ತಿದೆ

ರಕ್ತ ಸಂಗ್ರಹ ಮಾನಿಟರ್ ಎಂದರೆ ಚೀಲವನ್ನು ತೂಗಾಡಿಸುತ್ತಾ ತೂಕ ನೋಡಿ, ನಿಗದಿತ ಪ್ರಮಾಣ ತುಂಬಿದಾಗ ನಳಿಕೆಯನ್ನು ತಾನೇ ಹಿಚುಕಿ ಮುಚ್ಚುವ ಯಂತ್ರ. ಹರಿವು ಕಡಿಮೆಯಾದರೆ ಕೂಗುತ್ತದೆ. ಆ ಕೂಗಿಗೆ ಮೊದಲು ದಾನಿಯ ಮುಖ ನೋಡಿ, ಆಮೇಲೆ ತೋಳು, ಆಮೇಲೆ ನಳಿಕೆ, ಕೊನೆಗೆ ಯಂತ್ರ. ಮುಖ ಬಿಳುಚಿ ಬೆವರೊಡೆದಿದ್ದರೆ ಯಂತ್ರದ ಮಾತು ಬಿಟ್ಟು, ಸೂಜಿ ತೆಗೆದು, ಕಾಲು ಎತ್ತರಿಸಿ, ವೈದ್ಯರನ್ನು ಕರೆಯಿರಿ. ತೋಳಿನ ಪಟ್ಟಿ ಸಡಿಲವಾಗಿದೆಯೇ? ಒತ್ತಡ 40ರಿಂದ 60 ಮಿಲಿಮೀಟರ್ ಪಾದರಸದಷ್ಟು ಇರಲಿ. ಸೂಜಿಯ ಸುತ್ತ ಊತ ಬರುತ್ತಿದ್ದರೆ ಸರಿಪಡಿಸಲು ಹೋಗಬೇಡಿ, ನಿಲ್ಲಿಸಿ. ಊತವಿಲ್ಲದಿದ್ದರೆ ಸೂಜಿಯ ಮೊನೆ ರಕ್ತನಾಳದ ಗೋಡೆಗೆ ತಾಗಿರಬಹುದು. ಕೂದಲೆಳೆಯಷ್ಟು ಹಿಂದಕ್ಕೆಳೆದರೆ ಸಾಕು. ನಳಿಕೆ ದಾನಿಯ ಮೊಣಕೈ ಕೆಳಗೆ ಸಿಕ್ಕಿಕೊಂಡಿರುವುದು, ಚೀಲದ ಬಾಯಿಯ ಒಳಬಿರಡೆ ಪೂರ್ತಿ ಮುರಿಯದಿರುವುದು, ಇವೆರಡೂ ಕಣ್ಣಿಗೆ ಕಾಣುವ ಕಾರಣಗಳಾದರೂ ಕೊನೆಗೇ ಹೊಳೆಯುತ್ತವೆ.

ಹರಿವು ವಿಪರೀತ ಹೆಚ್ಚು ಎಂದು ಕೂಗಿದರೆ ಅದು ಇನ್ನೂ ಗಂಭೀರ. ರಕ್ತ ಕಡುಕೆಂಪಿನ ಬದಲು ಹೊಳೆವ ಕೆಂಪಾಗಿದ್ದು, ನಳಿಕೆ ನಾಡಿಯೊಡನೆ ಮಿಡಿಯುತ್ತಿದ್ದರೆ ಸೂಜಿ ಅಪಧಮನಿಗೆ ಹೋಗಿದೆ. ಕೂಡಲೇ ತೆಗೆದು ಕನಿಷ್ಠ 10ರಿಂದ 15 ನಿಮಿಷ ಒತ್ತಿ ಹಿಡಿಯಬೇಕು.

ಇನ್ನು ಯಂತ್ರ ನಡುನಡುವೆ ಆರಿ ಮತ್ತೆ ಹತ್ತಿಕೊಳ್ಳುವುದು. ಪ್ಲಗ್ ಕಿತ್ತು ಬ್ಯಾಟರಿಯ ಮೇಲೆ ನಡೆಸಿ ನೋಡಿ. ಬ್ಯಾಟರಿಯಲ್ಲಿ ಸರಿ ನಡೆದರೆ ದೋಷ ಗೋಡೆಯ ಕಡೆಯದು, ಬ್ಯಾಟರಿಯಲ್ಲೂ ಆರಿದರೆ ಯಂತ್ರದ್ದು ಅಥವಾ ಬ್ಯಾಟರಿಯದು. ಗೋಡೆಯ ಕಡೆಯ ದೋಷ ಸಾಮಾನ್ಯವಾಗಿ ಒಂದು ಎಕ್ಸ್‌ಟೆನ್ಷನ್ ಬೋರ್ಡ್. ಹಾಲ್‌ನಲ್ಲಿರುವುದು ಒಂದೇ ಸಾಕೆಟ್. ಅದರಿಂದ ಹೊರಟ ಸಪೂರ ತಂತಿಯ ಬೋರ್ಡಿಗೆ ನಮ್ಮ ಮಾನಿಟರ್‌ಗಳು, ಅದೇ ಬೋರ್ಡಿಗೆ ಧ್ವನಿವರ್ಧಕ, ಅದೇ ಬೋರ್ಡಿಗೆ ದಾನಿಗಳಿಗೆ ಕಾಫಿ ಕಾಯಿಸುವ ವಿದ್ಯುತ್ ಬಾಯ್ಲರ್. ಬಾಯ್ಲರಿನ ಕೆಂಪು ದೀಪ ಹತ್ತಿದಾಗಲೆಲ್ಲ ಮಾನಿಟರಿನ ಪರದೆ ಮಂಕಾಗುವುದನ್ನು ಎರಡು ನಿಮಿಷ ನಿಂತು ನೋಡಿದರೆ ಮಲ್ಟಿಮೀಟರ್ ಕೂಡ ಬೇಕಾಗುವುದಿಲ್ಲ. ಇದ್ದರೆ ಅಳೆಯಿರಿ: ಹೆಚ್ಚಿನ ಯಂತ್ರಗಳು 230 ವೋಲ್ಟಿನಿಂದ ಶೇಕಡ 10 ಆಚೀಚೆ ತಾಳುತ್ತವೆ, ಅಂದರೆ 207ರಿಂದ 253. ಬಾಯ್ಲರನ್ನು ಅಡುಗೆಮನೆಯ ಗ್ಯಾಸ್ ಒಲೆಗೆ ವರ್ಗಾಯಿಸಿ. ಕಾಫಿ ನಾಡಿನಲ್ಲಿ ಕಾಫಿ ನಿಲ್ಲಿಸಿ ಎಂದು ಹೇಳುವ ಧೈರ್ಯ ನನಗಂತೂ ಇಲ್ಲ.

ಬ್ಯಾಟರಿಗಳ ಬಗ್ಗೆ ಇಷ್ಟೇ: ಎರಡು ಶಿಬಿರಗಳ ನಡುವೆ ವಾರಗಟ್ಟಲೆ ಖಾಲಿ ಬಿದ್ದ ಬ್ಯಾಟರಿ ಸಾಯುತ್ತದೆ. ಹಿಂದಿನ ರಾತ್ರಿ ಹಸಿರು ದೀಪ ಕಂಡಿತೆಂದರೆ ಸಾಲದು, ಒಮ್ಮೆ ಅದರ ಮೇಲೆಯೇ ಒಂದು ಪೂರ್ತಿ ಸರದಿ ನಡೆಸಿ ನೋಡಬೇಕು. ಕರೆಂಟೂ ಹೋಗಿ ಬ್ಯಾಟರಿಯೂ ಕೈಬಿಟ್ಟರೆ ಸ್ಪ್ರಿಂಗ್ ತಕ್ಕಡಿ ಮತ್ತು ಕೈ ಇವೆ. ಅರ್ಧ ನಿಮಿಷಕ್ಕೊಮ್ಮೆ ಚೀಲವನ್ನು ಮೆಲ್ಲನೆ ಕಲಕುತ್ತಿದ್ದರೆ ಗರಣೆ ಕಟ್ಟುವುದಿಲ್ಲ. ತಕ್ಕಡಿಯನ್ನು ಹಳೆಯ ಕಾಲದ್ದೆಂದು ರಕ್ತನಿಧಿಯಲ್ಲೇ ಬಿಟ್ಟುಬರುವ ತಂಡಗಳನ್ನು ಕಂಡಾಗ ಸಿಟ್ಟು ಬರುತ್ತದೆ.

ಚೀಲದ ತೂಕ ತಾಳೆಯಾಗುತ್ತಿಲ್ಲ

ಒಂದು ಮಿಲಿಲೀಟರ್ ರಕ್ತಕ್ಕೆ ಸುಮಾರು 1.05 ಗ್ರಾಂ. ಹಾಗಾಗಿ 350 ಮಿಲಿಲೀಟರ್ ರಕ್ತ ಸುಮಾರು 368 ಗ್ರಾಂ ತೂಗುತ್ತದೆ. ಶೇಕಡ 10 ಹೆಚ್ಚುಕಡಿಮೆಗೆ ಅವಕಾಶವಿದೆ. ಇದು ಖಾಲಿ ಚೀಲದ ತೂಕ ಕಳೆದ ಮೇಲಿನ ಲೆಕ್ಕ. ಒಂಟಿ ಚೀಲ, ಮೂರು ಚೀಲದ ಜೋಡಣೆ ಇವುಗಳ ಖಾಲಿ ತೂಕ ಬೇರೆ ಬೇರೆ, ತಯಾರಕರಿಂದ ತಯಾರಕರಿಗೂ ಬೇರೆ. ಎಲ್ಲ ಚೀಲಗಳೂ ಒಂದೇ ಅಳತೆಯಲ್ಲಿ ಕಡಿಮೆ ತುಂಬುತ್ತಿದ್ದರೆ ಖಾಲಿ ತೂಕವನ್ನು ಸೊನ್ನೆ ಮಾಡದೆ ಆರಂಭಿಸಿದ್ದೀರಿ. ಒಂದು ಚೀಲ ಹೆಚ್ಚು, ಒಂದು ಕಡಿಮೆ ಎಂದಾಗುತ್ತಿದ್ದರೆ ಮೇಜು ಅಲುಗಾಡುತ್ತಿದೆ, ಇಲ್ಲವೇ ಹಾಲ್‌ನ ನೆಲ ಮಟ್ಟವಾಗಿಲ್ಲ. ಹಳೆಯ ಗಾರೆ ನೆಲಗಳಲ್ಲಿ ಇದು ಮಾಮೂಲು, ಮಡಚಿದ ರಟ್ಟೇ ಮದ್ದು. ಅಂಗಡಿಯ ಮುದ್ರೆಯೊತ್ತಿದ 500 ಗ್ರಾಂ ತೂಕದ ಕಲ್ಲೊಂದು ಪೆಟ್ಟಿಗೆಯಲ್ಲಿದ್ದರೆ ಯಂತ್ರ ಸುಳ್ಳು ಹೇಳುತ್ತಿದೆಯೇ ಎಂದು ಅರ್ಧ ನಿಮಿಷದಲ್ಲಿ ತಿಳಿಯುತ್ತದೆ.

ಚೀಲದೊಳಗಿನ ಗರಣೆ ತಡೆಯುವ ದ್ರಾವಣದ ಪ್ರಮಾಣವೂ ಲೆಕ್ಕಕ್ಕೆ ಬರುತ್ತದೆ. 350ರ ಚೀಲದಲ್ಲಿ 49 ಮಿಲಿಲೀಟರ್, 450ರದರಲ್ಲಿ 63. ದಾಸ್ತಾನು ಮುಗಿಯಿತೆಂದು 450ರ ಚೀಲಕ್ಕೆ 350 ತುಂಬಿಸಿದರೆ ಅನುಪಾತ ಕೆಡುತ್ತದೆ. ತೂಕದ ಯಂತ್ರ ಇದನ್ನು ಹಿಡಿಯುವುದಿಲ್ಲ, ಚೀಲದ ಮೇಲಿನ ಅಕ್ಷರ ಓದುವ ಕಣ್ಣೇ ಹಿಡಿಯಬೇಕು.

ಸೀಲರ್, ಚೀಟಿ

ನಳಿಕೆ ಬೆಸೆಯುವ ಸೀಲರ್ ಕಿಡಿ ಹಾರಿಸಿದರೆ ಅಥವಾ ಬೆಸುಗೆ ಸೋರಿದರೆ, ನಳಿಕೆಯ ಹೊರಮೈ ಒದ್ದೆಯಾಗಿದೆ ಅಥವಾ ದವಡೆಗಳಿಗೆ ಒಣರಕ್ತ ಮೆತ್ತಿದೆ. ಯಂತ್ರ ಆರಿಸಿ, ಒರೆಸಿ, ಒಣಗಿಸಿ, ಒಂದು ಖಾಲಿ ತುಂಡಿನ ಮೇಲೆ ಪ್ರಯತ್ನಿಸಿ. ಆದರೂ ಆಗದಿದ್ದರೆ ಅಲ್ಯುಮಿನಿಯಂ ಕ್ಲಿಪ್ ಮತ್ತು ಇಕ್ಕಳ.

ಮಳೆಗಾಲದಲ್ಲಿ ಚೀಟಿಗಳು ಏಳುತ್ತವೆ. ಚೀಲ, ಮಾದರಿ ಕೊಳವೆಗಳು, ದಾನಿಯ ಅರ್ಜಿ ಮೂರರಲ್ಲೂ ಒಂದೇ ಸಂಖ್ಯೆ ಇರಬೇಕು, ದಾನಿ ಮಂಚದ ಮೇಲಿರುವಾಗಲೇ ಅಂಟಿಸಬೇಕು. ಐಸ್‌ನಿಂದ ಹೊರಬಂದು ಬೆವರಿದ ಚೀಲಕ್ಕೆ ಯಾವ ಅಂಟೂ ಹಿಡಿಯುವುದಿಲ್ಲ. ಸಂಖ್ಯೆ ಕಳೆದುಕೊಂಡ ಚೀಲವನ್ನು ಊಹೆಯ ಮೇಲೆ ಹೊಂದಿಸುವ ಮಾತೇ ಇಲ್ಲ.

ರಕ್ತನಿಧಿಗೆ ತಲುಪಿದ ರಕ್ತ ಕೆಲಸಕ್ಕೆ ಬರುತ್ತಿಲ್ಲ

ಈ ದೂರು ಶಿಬಿರ ಮುಗಿದ ಮರುದಿನ ಬರುತ್ತದೆ. ಶೀತಲ ಪೆಟ್ಟಿಗೆಯನ್ನು ಎಲ್ಲರೂ ಬೈಯುತ್ತಾರೆ. ಪೆಟ್ಟಿಗೆಯನ್ನು ದೂರುವ ಮೊದಲು ಆ ಚೀಲಗಳಿಂದ ಏನು ಮಾಡಬೇಕೆಂದಿದ್ದಿರಿ ಎಂದು ಕೇಳಬೇಕು.

ಇಡೀ ರಕ್ತವಾಗಿಯೇ ಅಥವಾ ಕೆಂಪುಕಣಗಳಿಗಾಗಿ ಬಳಸುವುದಾದರೆ ಚೀಲವನ್ನು 2ರಿಂದ 10 ಡಿಗ್ರಿಯ ನಡುವೆ ಸಾಗಿಸಬೇಕು. ಪ್ಲೇಟ್‌ಲೆಟ್ ಬೇಕಾದರೆ 20ರಿಂದ 24 ಡಿಗ್ರಿಯಲ್ಲಿಟ್ಟು, ರಕ್ತ ತೆಗೆದ 6 ಗಂಟೆಯೊಳಗೆ ಬೇರ್ಪಡಿಸುವುದು ನಮ್ಮಲ್ಲಿ ನಡೆದುಬಂದ ಮಿತಿ. ತಣ್ಣಗಾದ ಪ್ಲೇಟ್‌ಲೆಟ್ ಆಕಾರ ಕೆಟ್ಟು, ರೋಗಿಯ ಮೈಯೊಳಗೆ ಬಹಳ ಹೊತ್ತು ಉಳಿಯುವುದಿಲ್ಲ. ಡೆಂಗಿಯ ಕಾಲದಲ್ಲಿ ಪ್ಲೇಟ್‌ಲೆಟ್‌ಗಾಗಿಯೇ ಏರ್ಪಡಿಸಿದ ಶಿಬಿರದ ಚೀಲಗಳನ್ನು ಶ್ರದ್ಧೆಯಿಂದ ಐಸ್‌ನಲ್ಲಿ ಹೂತು ತಂದರೆ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಎರಡು ಬಗೆಯ ಚೀಲಗಳಿಗೆ ಎರಡು ಪೆಟ್ಟಿಗೆ ಬೇಕು, ಯಾವುದು ಯಾವುದಕ್ಕೆಂದು ಹೊರಡುವ ಮೊದಲೇ ಬರೆದು ಅಂಟಿಸಿರಬೇಕು.

ಗಡಿಯಾರದ ಲೆಕ್ಕವನ್ನೂ ಹಾಕಿ. ಮೊದಲ ಚೀಲ ಒಂಬತ್ತೂವರೆಗೆ ತುಂಬಿತು. ಶಿಬಿರ ಒಂದೂವರೆಗೆ ಮುಗಿಯಿತು. ಆಮೇಲೆ ಊಟ, ಹಾರ, ಶಾಲು, ಪ್ರಾಸ್ತಾವಿಕ ನುಡಿ, ವಂದನಾರ್ಪಣೆ. ವಾಹನ ಹೊರಡುವಾಗ ಮೂರು ಗಂಟೆ. ಶೃಂಗೇರಿಯಿಂದ ಚಿಕ್ಕಮಗಳೂರಿಗೆ ತಿರುವುಗಳನ್ನು ಸುತ್ತಿ ಬರುವಷ್ಟರಲ್ಲಿ ಇನ್ನೆರಡೂವರೆ ಗಂಟೆ. ಮೊದಲ ಚೀಲಕ್ಕೆ ಎಂಟು ಗಂಟೆ ತುಂಬಿತು, ಪ್ಲೇಟ್‌ಲೆಟ್ ಆಸೆ ಅಲ್ಲಿಗೆ ಮುಗಿಯಿತು. ಎಷ್ಟೇ ದುಬಾರಿ ಪೆಟ್ಟಿಗೆ ಕೊಂಡರೂ ಈ ದೋಷ ಹೋಗುವುದಿಲ್ಲ, ಏಕೆಂದರೆ ಅದು ವೇದಿಕೆಯ ಮೇಲಿದೆ. ಹನ್ನೆರಡಕ್ಕೆ ಒಂದು ಕಂತು ಹೊರಟುಬಿಡಲಿ, ಸನ್ಮಾನಕ್ಕೆ ಚಾಲಕ ಇರಲೇಬೇಕೆಂದಿಲ್ಲ. ರಕ್ತ ತೆಗೆಯಲು 12 ನಿಮಿಷಕ್ಕಿಂತ ಹೆಚ್ಚು ಹಿಡಿದ ಚೀಲವನ್ನೂ ಪ್ಲೇಟ್‌ಲೆಟ್ ಪೆಟ್ಟಿಗೆಗೆ ಹಾಕಬೇಡಿ.

ಐಸ್ ಪೆಟ್ಟಿಗೆಯದೇ ದೋಷವಿರಬಹುದಾದ ಸಂದರ್ಭಗಳು ಎರಡು. ಒಂದು, ಚೀಲ ತಂಪಾಗಲೇ ಇಲ್ಲ. 350 ಮಿಲಿಲೀಟರ್ ರಕ್ತದ ಒಂದು ಚೀಲವನ್ನು 30 ಡಿಗ್ರಿಯಿಂದ 6 ಡಿಗ್ರಿಗೆ ಇಳಿಸಲು ಸುಮಾರು 110 ಗ್ರಾಂ ಐಸ್ ಕರಗಬೇಕು. 40 ಚೀಲಕ್ಕೆ ನಾಲ್ಕೂವರೆ ಕಿಲೋ ಐಸ್ ಬರೀ ತಣಿಸುವುದಕ್ಕೇ ಹೋಯಿತು, ಹೊರಗಿನ ಬಿಸಿಯನ್ನು ತಡೆಯಲು ಬೇಕಾದದ್ದು ಬೇರೆ. ಆರೋಗ್ಯ ಕೇಂದ್ರದಿಂದ ಕೇಳಿ ತಂದ ಲಸಿಕೆ ಡಬ್ಬಿ ಇದಕ್ಕೆ ಸಾಲುವುದಿಲ್ಲ. ಅದನ್ನು ಮಾಡಿರುವುದು ಆಗಲೇ ತಣ್ಣಗಿರುವ ಲಸಿಕೆಯನ್ನು ಕಾಯಲು, ಬಿಸಿ ರಕ್ತವನ್ನು ತಣಿಸಲು ಅಲ್ಲ. ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿದ ಮಾಪಕ ಗಾಳಿಯ ಶಾಖವನ್ನು ಹೇಳುತ್ತದೆ, ರಕ್ತದ್ದನ್ನಲ್ಲ. ಎರಡು ಚೀಲಗಳ ನಡುವೆ ತಾಪಮಾಪಕವಿಟ್ಟು ರಬ್ಬರ್ ಬ್ಯಾಂಡ್ ಹಾಕಿ, ಐದು ನಿಮಿಷದ ನಂತರ ಓದಿ. ಹಳೆಯ ಉಪಾಯ, ಈಗಲೂ ಇದಕ್ಕಿಂತ ಒಳ್ಳೆಯದು ಕಂಡಿಲ್ಲ.

ಎರಡು, ಚೀಲ ಅತಿಯಾಗಿ ತಣ್ಣಗಾಯಿತು. ಡೀಪ್ ಫ್ರೀಜರಿನಿಂದ ನೇರ ತಂದ ಐಸ್ ಪ್ಯಾಕ್ ಸೊನ್ನೆಗಿಂತ ಬಹಳ ಕೆಳಗಿರುತ್ತದೆ. ಅದಕ್ಕೆ ತಾಗಿದ ಕಡೆ ರಕ್ತ ಮಂಜುಗಡ್ಡೆಯಾಗಿ ಕೆಂಪುಕಣಗಳು ಒಡೆಯುತ್ತವೆ. ಪ್ಯಾಕ್ ಹೊರಗಿಟ್ಟು, ಮೈ ಬೆವರಿ ಅಲುಗಾಡಿಸಿದಾಗ ಒಳಗೆ ನೀರಿನ ಸದ್ದು ಬಂದ ಮೇಲೆಯೇ ಪೆಟ್ಟಿಗೆಗೆ ಹಾಕಬೇಕು. ಚೀಲಗಳ ಮೇಲ್ಗಡೆ ಇಡಿ, ನಡುವೆ ರಟ್ಟಿರಲಿ.

ರಕ್ತನಿಧಿಯಲ್ಲಿ ಚೀಲವನ್ನು ತಿರುಗಿಸಿ ಬೇರ್ಪಡಿಸಿದಾಗ ಪ್ಲಾಸ್ಮಾ ಹುಲ್ಲಿನ ಬಣ್ಣದ ಬದಲು ಗುಲಾಬಿಯಾಗಿದ್ದರೆ ಕಣಗಳು ಒಡೆದಿವೆ. ಒಂದೆರಡು ಚೀಲ ಮಾತ್ರ ಹಾಗಿದ್ದರೆ ಅವು ಪೆಟ್ಟಿಗೆಯಲ್ಲಿ ಎಲ್ಲಿದ್ದವು ಎಂದು ಕೇಳಿ, ಐಸ್‌ಗೆ ತಾಗಿದ್ದ ಮೂಲೆಯವೇ ಆಗಿರುತ್ತವೆ. ಪೆಟ್ಟಿಗೆಗೆ ಪೆಟ್ಟಿಗೆಯೇ ಹಾಗಿದ್ದರೆ ಪೂರ್ತಿ ಮಂಜುಗಡ್ಡೆಯಾಗಿದೆ, ಇಲ್ಲವೇ ದಾರಿಯಲ್ಲಿ ಬಿಸಿಲಿಗೆ ಕಾದಿದೆ. ಪೆಟ್ಟಿಗೆಯಲ್ಲಿ ದೋಷವೇನೂ ಕಾಣದಿದ್ದರೆ ನಳಿಕೆಯ ರಕ್ತವನ್ನು ಚೀಲಕ್ಕೆ ಹಿಂಡಿ ಇಳಿಸುವ ಸ್ಟ್ರಿಪ್ಪರನ್ನು ಬಳಸಿದವರ ಕೈಯ ಬಿರುಸನ್ನು ನೋಡಿ. ಸಂಶಯವಿರುವ ಚೀಲಗಳನ್ನು ಚೆಲ್ಲಬೇಡಿ, ಬೇರೆಯವುಗಳ ಜೊತೆ ಸೇರಿಸಲೂಬೇಡಿ. ಬೇರೆ ತಟ್ಟೆಯಲ್ಲಿಟ್ಟು, ಪೆಟ್ಟಿಗೆಯ ಸಂಖ್ಯೆ, ಹೊರಟ ಹೊತ್ತು, ತಲುಪಿದಾಗಿನ ಡಿಗ್ರಿ ಮೂರನ್ನೂ ಬರೆದು ವೈದ್ಯಾಧಿಕಾರಿಗೆ ಒಪ್ಪಿಸಿ.